ರಾಝಿಯಾ ಕಾರ್ಡಿನ ಕೊನೆಯ ಸಾಲು

ಆನೆ ಅಡ್ಡ ಬರಬಹುದಿತ್ತು. ಕಲ್ಹಟ್ಟಿ ಘಾಟಿಯ ಮೂವತ್ತಾರು ತಿರುವುಗಳಲ್ಲಿ ಯಾವುದಾದರೊಂದರಲ್ಲಿ ಬ್ರೇಕು ಕೈಕೊಡಬಹುದಿತ್ತು. ಕೊಡದಿದ್ದರೂ, ತಿರುವು ಆಗದ ನನ್ನ ಹೊಟ್ಟೆ ತನ್ನ ಗುಣ ತೋರಿಸಿ, ಪಕ್ಕದಲ್ಲಿ ಕೂತ ವಿದೇಶಿ ಸೇನಾಧಿಕಾರಿಯ ಇಸ್ತ್ರಿ ಪ್ಯಾಂಟು ಹಾಳಾಗಬಹುದಿತ್ತು. ಅರಣ್ಯದ ಚೆಕ್‌ಪೋಸ್ಟಿನವರು ನಮ್ಮ ಅನುಮತಿ ಪತ್ರದ ಸೀಲು ಮಸುಕಾಗಿದೆ ಎಂದು ತಿರುಗಿ ಕಳಿಸಬಹುದಿತ್ತು. ಆ ಕಾಲದಲ್ಲಿ ಆ ಕಾಡಿನಲ್ಲಿ ದಂತಚೋರರ, ಅಪಹರಣದ ಭಯವೂ ಇತ್ತು. ಗಡ್ಡದ ಪರದೇಶಿಯೊಬ್ಬನನ್ನು ಜೀಪಿನಲ್ಲಿ ಕೂರಿಸಿಕೊಂಡು ಹೋಗುವ ನಮ್ಮನ್ನು ಯಾರಾದರೂ ಏನಾದರೂ ಅಂದುಕೊಳ್ಳಬಹುದಿತ್ತು. ನೋಡಲು ಹೊರಟಿದ್ದ ಕಲ್ಲನ್ನು ಯಾರೋ ಒಡೆದು ಮೋರಿಗೆ ಹಾಕಿರಬಹುದಿತ್ತು. ಅತಿಥಿ ತಿನ್ನಬಾರದ್ದನ್ನು ನಮ್ಮವರು ಪ್ರೀತಿಯಿಂದ ಬಡಿಸಬಹುದಿತ್ತು. ಹಳ್ಳಿಯ ನಾಯಿ ಅವರನ್ನೇ ಹುಡುಕಿ ಕಚ್ಚಬಹುದಿತ್ತು. ಕಚ್ಚಿದ ಸುದ್ದಿ ನಮ್ಮ ಸಂಸ್ಥೆಯ ಕರ್ನಲ್ ಸಾಹೇಬರಿಗೆ, ಅವರಿಂದ ದೆಹಲಿಗೆ, ದೆಹಲಿಯಿಂದ ಇನ್ನೊಂದು ದೇಶದ ರಾಜಧಾನಿಗೆ ಹೋಗಿ, ಕೊನೆಗೆ ನನ್ನ ಪಿಂಚಣಿಯ ಫೈಲಿನ ಮೇಲೆ ಬಂದು ಕೂರಬಹುದಿತ್ತು.

ಇವುಗಳಲ್ಲಿ ಒಂದೂ ಆಗಲಿಲ್ಲ. ಆದದ್ದು ಬೇರೆ, ತೀರಾ ಸಣ್ಣದು. ಅದನ್ನು ಹೇಳಲೆಂದೇ ಬರೆಯಲು ಕೂತಿದ್ದೇನೆ. ಆದರೆ ನೆಟ್ಟಗೆ ಅಲ್ಲಿಗೆ ಹೋಗುವ ಧೈರ್ಯ ನನಗೆ ಅಂದೂ ಇರಲಿಲ್ಲ, ಇಂದೂ ಇಲ್ಲ. ಸುತ್ತಿ ಬರುತ್ತೇನೆ.

ವೆಲ್ಲಿಂಗ್ಟನ್ನಿನ ಒಂದು ಸೈನಿಕ ತರಬೇತಿ ಸಂಸ್ಥೆಯ ಪುಸ್ತಕ ಭಂಡಾರದಲ್ಲಿ ನಾನು ಸಹಾಯಕನಾಗಿದ್ದೆ. ಸಮವಸ್ತ್ರ ಇಲ್ಲದ ಸಿಬ್ಬಂದಿ. ತಂದೆ ಗುಂಡ್ಲುಪೇಟೆ ಕಡೆಯಿಂದ ಬಂದು ಊಟಿ ಮಾರ್ಕೆಟ್ಟಿನಲ್ಲಿ ಆಲೂಗಡ್ಡೆ ಮಂಡಿ ಇಟ್ಟವರು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ಕೆಲಸದಲ್ಲಿ ಇಂಗ್ಲಿಷು. ಮೂರರಲ್ಲೂ ಚಿಂತೆ ಮಾಡಬಲ್ಲೆ ಎನ್ನುವುದೊಂದೇ ನನ್ನ ವಿಶೇಷ ಅರ್ಹತೆ.

ಗ್ರಂಥಾಲಯದ ಕೆಲಸಕ್ಕೆ ಈಗ ಸೇರುತ್ತಿರುವ ಮಕ್ಕಳು ಸಿಕ್ಕಾಗಲೆಲ್ಲ ಒಂದು ಮಾತು ಹೇಳುತ್ತಾರೆ: "ನೆಮ್ಮದಿಯ ಕೆಲಸ ಅಲ್ವಾ ಸಾರ್?" ನೆಮ್ಮದಿ! ನಮ್ಮ ಬೆಟ್ಟದಲ್ಲಿ ಜೂನ್ ತಿಂಗಳಿಂದ ಮಂಜು ಒಳಗೇ ಬಂದು ಕೂರುತ್ತದೆ. ಬೆಳಿಗ್ಗೆ ಕಪಾಟು ತೆಗೆದರೆ ಚರ್ಮದ ಹೊದಿಕೆಗಳ ಮೇಲೆಲ್ಲ ಬಿಳಿ ಬೂಷ್ಟು. ಪ್ರತಿ ಕಪಾಟಿನ ತಳದಲ್ಲಿ ಒಂದು ಸಣ್ಣ ಬಲ್ಬು ಹಗಲೂ ರಾತ್ರಿ ಉರಿಯುತ್ತಿರಬೇಕು, ಕೋಳಿಮರಿಗಳಿಗೆ ಕಾವು ಕೊಟ್ಟ ಹಾಗೆ. ಬಲ್ಬು ಆರಿದರೆ ಬೂಷ್ಟು, ಆರದಿದ್ದರೆ ಬೆಂಕಿಯ ಭಯ. ನಾನು ಮನೆಗೆ ಹೋದ ಮೇಲೂ ಮನಸ್ಸಿನಲ್ಲಿ ಆ ಬಲ್ಬುಗಳನ್ನು ಎಣಿಸುತ್ತಿದ್ದೆ.

ನಮ್ಮ ಮೇಲಧಿಕಾರಿ ಸಾಮುವೇಲ್ ಸಾರ್. ತಿರುನೆಲ್ವೇಲಿಯವರು, ಒಣಕಲು ಮೈ, ಜೇಬಿನಲ್ಲಿ ಯಾವಾಗಲೂ ಕೆಂಪು ಪೆನ್ಸಿಲು. ನಮ್ಮಲ್ಲಿಗೆ ಹಲವು ದೇಶಗಳ ಅಧಿಕಾರಿಗಳು ಓದಲು ಬರುತ್ತಿದ್ದರು. ಪುಸ್ತಕಗಳಲ್ಲಿ ಸಿಗುವ ಪರಭಾಷೆಯ ಯುದ್ಧಪದಗಳಿಗೆ ಅವರು ಅರ್ಥ ಕೇಳುತ್ತಿದ್ದರು. ಅದಕ್ಕೆಂದು ಸಾಮುವೇಲ್ ಸಾರ್ ಒಂದು ಪದ್ಧತಿ ಮಾಡಿದ್ದರು: ಒಂದು ಪದಕ್ಕೆ ಒಂದು ಕಾರ್ಡು. ಪದ ಎಲ್ಲಿ ಹುಟ್ಟಿತು, ಯಾವ ಯಾವ ಭಾಷೆಗೆ ಹೋಯಿತು, ಹೋದಲ್ಲಿ ಏನಾಯಿತು. ಕಾರ್ಡಿನ ಅಡಿಯಲ್ಲಿ ಒಂದು ಸಾಲು ಕಡ್ಡಾಯ. ಆ ಸಾಲಿನ ಹೆಸರು 'ನಮ್ಮಲ್ಲಿ'. ಈ ಬೆಟ್ಟದಲ್ಲಿ, ಇದರ ತಪ್ಪಲಿನಲ್ಲಿ, ಅಂಥದ್ದೊಂದು ಇತ್ತೇ? ಇದೆಯೇ? ಅದು ಖಾಲಿ ಇದ್ದರೆ ಕಾರ್ಡು ಡ್ರಾಯರಿನೊಳಗೆ ಹೋಗುವಂತಿಲ್ಲ.

ಸೈನ್ಯ ಬಯಲಲ್ಲಿ ರಾತ್ರಿ ತಂಗುವುದಕ್ಕೆ ಫ್ರೆಂಚರ ಪದವೊಂದಿದೆ. ಅದರಡಿ ನಾನು, "ನಮ್ಮಲ್ಲಿ: ಮಸಿನಗುಡಿ ಕಡೆ ದನ ಮೇಯಿಸುವವರು ಮುಳ್ಳುಬೇಲಿ ಕಟ್ಟಿ ಮಲಗುವ ಪಟ್ಟಿ" ಎಂದು ಬರೆದೆ. ಸಾರ್ ತಲೆಯಾಡಿಸಿದರು. ಶತ್ರುವಿನ ಕಣ್ಣಿಗೆ ಬೀಳದಂತೆ ಬಣ್ಣ ಬಳಿದುಕೊಳ್ಳುವ ವಿದ್ಯೆಯ ಕಾರ್ಡಿನಲ್ಲಿ, "ನಮ್ಮಲ್ಲಿ: ಇಲ್ಲ" ಎಂದು ಬರೆದೆ. ಕಾರ್ಡು ತಿರುಗಿ ಬಂತು. ಕೆಂಪು ಪೆನ್ಸಿಲಿನಲ್ಲಿ ಒಂದೇ ಪದ: "ಹುಲಿ?"

"ಎನ್ನ ಮಾದಪ್ಪಾ, 'ಇಲ್ಲ' ಅಂತ ಬರೆಯೋಕೆ ನಿನಗೆ ಯಾರು ಅಧಿಕಾರ ಕೊಟ್ಟದ್ದು? 'ನನಗೆ ಗೊತ್ತಿಲ್ಲ' ಅಂತ ಬರಿ. ಅದು ನಿಜ. ಬರೆದು, ಹೋಗಿ ಕೇಳು."

ಕೇಳುವುದು. ಇಡೀ ವೃತ್ತಿ ಅದೊಂದೇ ಕ್ರಿಯಾಪದದಲ್ಲಿದೆ ಎಂದು ಅವರು ಹೇಳುತ್ತಿದ್ದರು. ನನಗೆ ಅದೇ ಕಷ್ಟ. ಕೇಳಿದರೆ ನನಗೆ ಗೊತ್ತಿಲ್ಲವೆಂದು ಅವರಿಗೆ ಗೊತ್ತಾಗುತ್ತದಲ್ಲ!

ನನ್ನ ಪ್ರಮಾದಗಳ ಪಟ್ಟಿ ಉದ್ದವಿದೆ. ಒಂದನ್ನು ಮಾತ್ರ ಹೇಳುತ್ತೇನೆ, ಉಳಿದವು ಅದರ ಮುಂದೆ ತಮಾಷೆಯಂತೆ ಕಾಣುತ್ತವೆ. ಓದು ಮುಗಿಸಿ ಹೋದ ಒಬ್ಬ ಯುವ ಅಧಿಕಾರಿ ಪುಸ್ತಕವೊಂದನ್ನು ಹಿಂದಿರುಗಿಸಿರಲಿಲ್ಲ. ನಾನು ನಿಯಮದಂತೆ ಮೂರು ನೆನಪೋಲೆ ಕಳಿಸಿದೆ, ಮೂರನೆಯದು ಸ್ವಲ್ಪ ಖಾರವಾಗಿ. ಉತ್ತರವಾಗಿ ಒಂದು ಪಾರ್ಸೆಲ್ ಬಂತು. ಒಳಗೆ ಪುಸ್ತಕ, ಅವರ ಹೆಂಡತಿಯ ಕ್ಷಮಾಪಣೆಯ ಚೀಟಿ. ಗಂಡ ಗಡಿಯಲ್ಲಿ ತೀರಿಕೊಂಡು ಐದು ತಿಂಗಳಾಗಿತ್ತು. ಪುಸ್ತಕ ಎಲ್ಲಿದೆ ಎಂದು ಹುಡುಕಲು ತಡವಾಯಿತು, ಮನ್ನಿಸಿ ಎಂದು ಆಕೆ ಬರೆದಿದ್ದರು. ಪುಟಗಳ ನಡುವೆ ಆ ಅಧಿಕಾರಿ ಓದಿ ನಿಲ್ಲಿಸಿದ ಕಡೆ ಒಂದು ರೈಲು ಟಿಕೆಟ್ಟು ಇತ್ತು. ಸಾಮುವೇಲ್ ಸಾರ್ ಬೈಯಲಿಲ್ಲ. ಟಿಕೆಟ್ಟು ಅಲ್ಲೇ ಇರಲಿ ಎಂದರು. ಆ ಪುಸ್ತಕವನ್ನು ನಾನು ಆಮೇಲೆ ಯಾರಿಗೂ ಎರವಲು ಕೊಡಲಿಲ್ಲ; ಕೇಳಿದವರಿಗೆ ಬೈಂಡಿಂಗಿಗೆ ಹೋಗಿದೆ ಎಂದು ಸುಳ್ಳು ಹೇಳುತ್ತಿದ್ದೆ.

ತೊಂಬತ್ತರ ದಶಕದ ಕೊನೆಯ ಭಾಗ. ಆ ಸಲದ ತಂಡದಲ್ಲಿ ಅಲ್ಜೀರಿಯಾದಿಂದ ಒಬ್ಬ ಮೇಜರ್ ಬಂದಿದ್ದರು. ಬಶೀರ್ ಎಂದು ಹೆಸರು. ನಲವತ್ತರ ಆಸುಪಾಸು, ಕತ್ತರಿಸಿದ ಗಡ್ಡ, ನಿಧಾನವಾದ ಇಂಗ್ಲಿಷು. ಫ್ರಾನ್ಸಿನಿಂದಲೂ ಒಬ್ಬ ಅಧಿಕಾರಿ ಇದ್ದರು, ಒಳ್ಳೆಯ ಮನುಷ್ಯ, ನಗುಮುಖ. ಒಂದು ಶನಿವಾರ ಚಹಾದ ಹೊತ್ತಿನಲ್ಲಿ ಅವರು ಸುತ್ತ ಇದ್ದವರಿಗೆ ಹೇಳುತ್ತಿದ್ದರು: "ನಮ್ಮ ಹೆಂಗಸರು ಇವತ್ತು ಕೂನೂರಿನ ವರ್ಕಿ ಬಿಸ್ಕತ್ತಿನ ಅಂಗಡಿಯ ಮೇಲೆ ರಾಝಿಯಾ ಮಾಡಿದ್ದಾರೆ. ಕಪಾಟು ಪೂರಾ ಖಾಲಿ!"

ಎಲ್ಲರೂ ನಕ್ಕರು. ಮೇಜರ್ ಬಶೀರರೂ ನಗಲು ಹೊರಟು, ಅರ್ಧಕ್ಕೆ ನಿಲ್ಲಿಸಿ, ಬಟ್ಟಲು ಕೆಳಗಿಟ್ಟರು. ಸೋಮವಾರ ನನ್ನ ಮೇಜಿನ ಮುಂದೆ ಬಂದು ನಿಂತು ಕೇಳಿದರು:

"ಆ ಪದಕ್ಕೆ ನಿಮ್ಮಲ್ಲಿ ಕಾರ್ಡು ಇದೆಯಾ?"

ಇರಲಿಲ್ಲ. ಒಂದು ವಾರ ಕೊಡಿ ಎಂದೆ. ಆಗ ಶುರುವಾಯಿತು ಚಿಂತೆ. ಫ್ರೆಂಚರಿಗೆ ನೋವಾಗದ ಹಾಗೆ, ಅಲ್ಜೀರಿಯಾದವರಿಗೆ ಮೋಸವಾಗದ ಹಾಗೆ ಐದು ಇಂಚಿನ ಕಾರ್ಡಿನಲ್ಲಿ ಏನು ಬರೆಯುವುದು? ಸಾಮುವೇಲ್ ಸಾರ್ ಅವರನ್ನು ಕೇಳಿದೆ. "ನಡೆದದ್ದನ್ನು ಬರಿ," ಎಂದರು. ಈ ಬಗೆಯ ಸಲಹೆ ಕೊಡುವವರು ಸಾಮಾನ್ಯವಾಗಿ ಬರೆಯುವವರಲ್ಲ.

ದೊಡ್ಡ ನಿಘಂಟುಗಳಿಂದ, ಹಳೆಯ ಯುದ್ಧ ವರದಿಗಳ ಇಂಗ್ಲಿಷ್ ಅನುವಾದಗಳಿಂದ ಹೆಕ್ಕಿದ್ದು ಇಷ್ಟು. ಅರಬ್ಬಿಯಲ್ಲಿ 'ಗಝ್ವ್' ಎಂದರೆ ದಾಳಿ. ಮರುಭೂಮಿಯ ಕುಲಗಳು ಒಂದರ ಮೇಲೊಂದು ಏರಿಹೋಗಿ ಒಂಟೆಗಳನ್ನು ಹೊಡೆದುಕೊಂಡು ಬರುತ್ತಿದ್ದವು. ಅದಕ್ಕೂ ಒಂದು ಮರ್ಯಾದೆ ಇತ್ತಂತೆ: ಕತ್ತಲಲ್ಲಿ ಬೀಳಬಾರದು, ಹೆಂಗಸರನ್ನು ಮುಟ್ಟಬಾರದು, ಸೋತವರು ತಮ್ಮ ನಂಟರ ಊರು ಮುಟ್ಟುವಷ್ಟು ಒಂಟೆ ಬಿಡಬೇಕು. ಅಲ್ಜೀರಿಯಾದ ಆಡುಮಾತಿನಲ್ಲಿ ಅದು 'ಗಾಝಿಯಾ'. ಮೊದಲ ಅಕ್ಷರ ಗಂಟಲಾಳದಿಂದ ಹೊರಡುತ್ತದೆ. ಫ್ರೆಂಚರ 'ರ' ಕೂಡ ಅಲ್ಲಿಂದಲೇ ಹೊರಡುವುದರಿಂದ ಅವರ ಬಾಯಲ್ಲಿ ರಾಝಿಯಾ ಆಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿಗೆ ನುಗ್ಗಿದ ಫ್ರೆಂಚ್ ಸೈನ್ಯ ಪದವನ್ನೂ ಕಲಿಯಿತು, ಕೆಲಸವನ್ನೂ ಕಲಿಯಿತು. ಮರ್ಯಾದೆ ಮಾತ್ರ ಹಡಗು ಹತ್ತಲಿಲ್ಲ. ಬೆಳೆ ಸುಟ್ಟರು, ನೆಲದೊಳಗಿನ ಧಾನ್ಯದ ಹಗೇವುಗಳನ್ನು ಅಗೆದು ಬರಿದು ಮಾಡಿದರು, ಹಿಂಡುಗಳನ್ನು ಹೊಡೆದುಕೊಂಡು ಹೋದರು. ಪ್ಯಾರಿಸ್ಸಿಗೆ ಹೋದ ವರದಿಗಳಲ್ಲಿ ಈ ಪದ ಕೂತಿತು. ವರದಿಗಳಿಂದ ಪತ್ರಿಕೆಗಳಿಗೆ, ಪತ್ರಿಕೆಗಳಿಂದ ಇಂಗ್ಲಿಷಿಗೆ, ಇಟಲಿಗೆ, ಜರ್ಮನಿಗೆ. ಇಟಲಿಯಲ್ಲಿ ಕೋಳಿ ಕಳ್ಳರೂ ರಾಝಿಯಾ ಮಾಡುತ್ತಾರೆ. ಜರ್ಮನಿಯಲ್ಲಿ ಪೊಲೀಸರು ಮಾಡುತ್ತಾರೆ. ಫ್ರಾನ್ಸಿನಲ್ಲಿ ಈಗ ತಿಂಡಿ ಅಂಗಡಿಯ ಮೇಲೆ.

ಜರ್ಮನಿಯ ವಿಷಯ ಖಚಿತಪಡಿಸಿಕೊಳ್ಳಲು, ಅಡುಗೆ ಪುಸ್ತಕ ಹಿಂದಿರುಗಿಸಲು ಬಂದ ಜರ್ಮನ್ ಅಧಿಕಾರಿಯೊಬ್ಬರ ಹೆಂಡತಿಯನ್ನು ಧೈರ್ಯ ಮಾಡಿ ಕೇಳಿದೆ. ಆಕೆ ನಕ್ಕು, "ಹೌದು, ಕುಡಿದು ಗಾಡಿ ಓಡಿಸುವವರನ್ನು ಹಿಡಿಯಲು ಪೊಲೀಸರು ಬರುತ್ತಾರಲ್ಲ, ಅದೇ," ಎಂದು ಹೋದರು. ಮರುದಿನ ಪುಸ್ತಕದ ಕೆಲಸವೇನೂ ಇಲ್ಲದೆ ಮತ್ತೆ ಬಂದರು.

"ನಿನ್ನೆ ಅರ್ಧ ಹೇಳಿದೆ. ನನ್ನ ತಾಯಿಯ ಕಾಲದಲ್ಲಿ ಬೀದಿಯ ಎರಡೂ ತುದಿ ಮುಚ್ಚಿ, ಲಾರಿ ತಂದು, ಮನೆಮನೆಯಿಂದ ಜನರನ್ನು ತುಂಬಿಕೊಂಡು ಹೋಗುತ್ತಿದ್ದರು. ಅದಕ್ಕೂ ಇದೇ ಪದ. ಬರೆದುಕೊಳ್ಳಿ. ನಾನು ಹೇಳಿದೆ ಅಂತ ಬರೆಯಬೇಡಿ."

ಬರೆದೆ. ಒಂಟೆ, ಕುರಿ, ಧಾನ್ಯ, ಆಮೇಲೆ ಮನುಷ್ಯರು, ಕೊನೆಗೆ ವರ್ಕಿ. ಒಂದು ಪದ ಇಷ್ಟನ್ನೆಲ್ಲ ಹೊತ್ತುಕೊಂಡು ಹೇಗೆ ನಡೆಯುತ್ತದೋ!

ಉಳಿದದ್ದು ಅಡಿಯ ಸಾಲು. ಅದು ಮಾತ್ರ ನನಗೆ ಸುಲಭವಾಗಿ ಸಿಕ್ಕಿತು. ಮಸಿನಗುಡಿಯಿಂದಾಚೆ, ಮೋಯಾರಿನ ದಾರಿಯ ಒಂದು ಹಟ್ಟಿಯಲ್ಲಿ ನಮ್ಮ ತಾಯಿಯ ದೂರದ ಸಂಬಂಧಿ ಕೆಂಪಜ್ಜಿಯ ದನದ ಪಟ್ಟಿ ಇತ್ತು. ಅದರ ಹಿಂದೆ ಹುಣಸೆ ಮರದಡಿ ಒಂದು ವೀರಗಲ್ಲು. ಕೆಳಗಿನ ಪಟ್ಟಿಕೆಯಲ್ಲಿ ದನಗಳ ಸಾಲು, ಬಿಲ್ಲು ಹಿಡಿದವರ ನಡುವೆ ಒಬ್ಬ, ಮೇಲೆ ಅವನನ್ನು ಎತ್ತಿಕೊಂಡು ಹೋಗುವ ದೇವಕನ್ಯೆಯರು, ತುದಿಯಲ್ಲಿ ಸೂರ್ಯಚಂದ್ರ. ಕನ್ನಡ ನಾಡಿನ ಊರೂರಲ್ಲಿ ಇಂಥ ಕಲ್ಲುಗಳಿವೆ: ತುರು ಹೊಡೆದುಕೊಂಡು ಹೋದವರನ್ನು ಬೆನ್ನಟ್ಟಿ, ದನ ಬಿಡಿಸಿ, ತಾನು ಸತ್ತವನ ಕಲ್ಲು. ನಾನು ಬರೆದೆ: "ನಮ್ಮಲ್ಲಿ: ತುರುಗೊಳ್. ಕಲ್ಲು ಇದೆ."

ಮೇಜರ್ ಕಾರ್ಡನ್ನು ಎರಡು ಸಲ ಓದಿದರು. ಕೊನೆಯ ಸಾಲಿನ ಮೇಲೆ ಬೆರಳಿಟ್ಟು ಅರ್ಥ ಕೇಳಿದರು. ಹೇಳಿದೆ.

"ದಾಳಿಯಲ್ಲಿ ಸತ್ತವನಿಗೆ ಕಲ್ಲು ನಿಲ್ಲಿಸುತ್ತಿದ್ದರಾ?"

"ಹೌದು ಸಾರ್."

ಅವರು ಕುರ್ಚಿ ಎಳೆದುಕೊಂಡು ಕೂತರು. ಸಾಮಾನ್ಯವಾಗಿ ಅಧಿಕಾರಿಗಳು ನಮ್ಮ ಮೇಜಿನ ಮುಂದೆ ಕೂರುವುದಿಲ್ಲ.

"ಈ ಕಾರ್ಡಿಗೆಂದು ನೀವು ತೆಗೆದಿಟ್ಟಿದ್ದ ಹಳೆಯ ಯುದ್ಧ ವರದಿಯನ್ನು ನಾನೂ ಓದಿದೆ," ಎಂದರು. "ಅದರಲ್ಲಿ ನಮ್ಮ ಕಣಿವೆಯ ಹೆಸರಿದೆ. ಕುರಿ ಇಷ್ಟು, ಎತ್ತು ಇಷ್ಟು, ಗುಡಾರ ಇಷ್ಟು. ಜನರ ಹೆಸರು ಒಂದೂ ಇಲ್ಲ. ನನ್ನ ಅಜ್ಜಿಯ ಅಜ್ಜಿಗೆ ಒಬ್ಬಳು ತಂಗಿ ಇದ್ದಳು. ಏಳು ವರ್ಷ. ಎಲ್ಲರೂ ಬೆಟ್ಟ ಹತ್ತಿ ಓಡುವಾಗ ಕಟ್ಟಿಹಾಕಿದ್ದ ಮೇಕೆಮರಿಯನ್ನು ಬಿಚ್ಚಲು ವಾಪಸು ಓಡಿದಳಂತೆ. ಆಮೇಲೆ ಸಿಗಲಿಲ್ಲ. ಹೂಳಲೂ ಸಿಗಲಿಲ್ಲ. ಅಜ್ಜಿ ಪ್ರತಿ ಸಂಜೆ ಒಲೆ ಹಚ್ಚುವ ಮೊದಲು, ನೆಲದ ಮೇಲೆ ಅಂಗೈ ಇಟ್ಟು ಆ ಮಗುವಿನ ಹೆಸರು ಹೇಳುತ್ತಿದ್ದಳು. ಅಜ್ಜಿಯ ನಂತರ ಅಮ್ಮ. ಈಗ ಆ ಹೆಸರು ಗೊತ್ತಿರುವವನು ನಾನೊಬ್ಬನೇ. ನಮ್ಮಲ್ಲಿ ಈಗಿನ ಪರಿಸ್ಥಿತಿ ನಿಮಗೆ ಗೊತ್ತು. ತಿರುಗಿ ಹೋದ ಮೇಲೆ ನಾನು ಎಷ್ಟು ದಿನ ಇರುತ್ತೇನೋ ಹೇಳಲಾರೆ."

ಅವರ ದೇಶದಲ್ಲಿ ಆಗ ಅಂತರ್ಯುದ್ಧ. ಪತ್ರಿಕೆಗಳಲ್ಲಿ ದಿನವೂ ಬರುತ್ತಿತ್ತು.

"ಈ ಕಾರ್ಡಿನಲ್ಲಿ ಆ ಹೆಸರಿಗೆ ಒಂದು ಸಾಲು ಕೊಡುತ್ತೀರಾ?"

"ಕೊಡುತ್ತೇನೆ ಸಾರ್. ಈಗಲೇ ಹೇಳಿ," ಎಂದು ಪೆನ್ನು ತೆಗೆದೆ.

ಅವರು ಬೇಡವೆಂದು ತಲೆಯಾಡಿಸಿದರು. "ಮೇಜಿನ ಮೇಲೆ ಹೇಳುವ ಹೆಸರಲ್ಲ ಅದು. ಆ ಕಲ್ಲಿನ ಹತ್ತಿರ ಕರೆದುಕೊಂಡು ಹೋಗಿ. ಅಲ್ಲಿ ಹೇಳುತ್ತೇನೆ, ನೀವು ಬರೆದುಕೊಳ್ಳಿ."

ಹೀಗೆ ಶುರುವಾಯಿತು ಆ ಪ್ರಯಾಣ. ಕರ್ನಲ್ ಸಾಹೇಬರ ಅನುಮತಿಯನ್ನು ನಾನು ಮೂರು ಪ್ರತಿ ಮಾಡಿಸಿದೆ. ಒಂದು ಜೇಬಿಗೆ, ಒಂದು ಚೀಲಕ್ಕೆ, ಇನ್ನೊಂದು ಆ ಎರಡೂ ಕಳೆದರೆ ಇರಲಿ ಎಂದು ಕಾಲುಚೀಲಕ್ಕೆ. ಪೆನ್ನು ಮೂರು. ನೋಟುಬುಕ್ಕು ಎರಡು. ಜೀಪು ನಮ್ಮ ಅಟೆಂಡರ್ ಭೋಜಣ್ಣನ ಭಾವನದು. ಭೋಜಣ್ಣ ಕೂಕಲ್ತೊರೈ ಹಳ್ಳಿಯ ಬಡಗ ಜನಾಂಗದವನು; ವಾರವೆಲ್ಲ ಟೀ ಸೊಪ್ಪು ಫ್ಯಾಕ್ಟರಿಗೆ ಹೊರುವ ಜೀಪನ್ನು ಭಾನುವಾರ ತಂದು ನಿಲ್ಲಿಸಿದ್ದ. ಎಷ್ಟು ಗುಡಿಸಿದರೂ ಸೀಟಿನ ಸಂದಿಯಲ್ಲಿ ಹಸಿರೆಲೆ.

"ಭೋಜಣ್ಣಾ, ಬ್ರೇಕು ನೋಡಿದ್ದೀಯಾ?" ಮೂರನೆಯ ಸಲ ಕೇಳಿದೆ.

"ಸಾರ್, ನಂಗ ಊರು ಜೀಪುಗ ಬ್ರೇಕು ಬೇಡ. ನಿಂಗ ಹಿಂದೆ ಕೂತು 'ಅಯ್ಯೋ' ಅಂದರೆ ಸಾಕು, ಅದೇ ನಿಲ್ಲುತ್ತದೆ."

"ಆನೆ ಬಂದರೆ?"

"ಆನೆಗ ನಿಂಗ ಬರುವುದು ಗೊತ್ತಿಲ್ಲೆ ಸಾರ್. ಗೊತ್ತಿದ್ದರೆ ಅದೇ ರಜೆ ಹಾಕಿ ಹೋಗಿತ್ತು."

ಮೇಜರ್‌ಗೆ ಭಾಷೆ ತಿಳಿಯದಿದ್ದರೂ ನನ್ನ ಮುಖ ನೋಡಿ ನಕ್ಕರು. ಊಟಿ ದಾಟಿ ಘಾಟಿ ಇಳಿಯುವಾಗ ನಾನು ಕಣ್ಣು ಮುಚ್ಚಿಕೊಂಡು ತಿರುವು ಎಣಿಸಿದೆ. ಮೂವತ್ತಾರಕ್ಕೆ ಮೂವತ್ತೆಂಟು ಬಂತು. ಚೆಕ್‌ಪೋಸ್ಟಿನವನು ಅನುಮತಿ ಪತ್ರವನ್ನು ತಲೆಕೆಳಗಾಗಿ ಹಿಡಿದು ನೋಡಿ, ಸರಿಯಿದೆ ಎಂದು ಬಿಟ್ಟ. ಕೆಳಗಿಳಿದಂತೆ ಚಳಿ ಹೋಯಿತು, ಹಸಿರು ಹೋಯಿತು, ಮುಳ್ಳುಪೊದೆಯ ಒಣ ನಾಡು ಬಂತು. ಮೇಜರ್ ಕಿಟಕಿಗೆ ಆತುಕೊಂಡು, "ಇದು ನಮ್ಮ ಊರಿನ ಹಾಗೇ ಇದೆ," ಎಂದರು.

ಕೆಂಪಜ್ಜಿ ಪಟ್ಟಿಯ ಮುಂದೆ ಸಗಣಿ ಒಣಗಿಸುತ್ತಿದ್ದಳು. ಎಂಬತ್ತರ ಹತ್ತಿರ, ಬೆನ್ನು ಬಾಗಿದೆ, ಗಂಟಲು ಬಾಗಿಲ್ಲ.

"ಬಾ ಮಾದ. ಏನ್ಲ, ಇನ್ನೂವೆ ಎದ್ರಿಕಂಡೇ ಇದ್ದಯಾ? ಇಂವ್ಯಾರು?"

"ದೂರದಿಂದ ಬಂದಿದ್ದಾರೆ ಅಜ್ಜಿ. ಸಮುದ್ರದಾಚೆ."

"ಅಲ್ಲೂ ದನ ಅವಾ?"

"ಒಂಟೆ, ಕುರಿ, ಮೇಕೆ."

"ಒಡ್ಕಂಡೋಗೋರೂ ಅವ್ರಾ?"

"ಇದ್ದರು. ಅದಕ್ಕೇ ಈ ಕಲ್ಲು ನೋಡೋಕೆ ಬಂದದ್ದು."

"ಅಂಗಾರ ಇದೂ ಅವುರ್ದೂ ಒಂದೇ ಊರು ಬುಡು," ಎಂದು ಅಜ್ಜಿ ಕೈ ತೊಳೆದುಕೊಂಡು ಎದ್ದಳು. ಮಜ್ಜಿಗೆ ಕೊಟ್ಟಳು, ಬೇಯಿಸಿದ ಗೆಣಸು ಕೊಟ್ಟಳು. ಅತಿಥಿ ತಿನ್ನಬಾರದ್ದು ಏನೂ ಇರಲಿಲ್ಲ. ನಾಯಿ ಬಾಲ ಅಲ್ಲಾಡಿಸಿತು.

ಕಲ್ಲು ಇತ್ತು. ಎಣ್ಣೆ ಹಿಡಿದು ಕಪ್ಪಾಗಿತ್ತು, ಆದರೆ ದನಗಳ ಸಾಲು ಸ್ಪಷ್ಟ. ಮೇಜರ್ ಮಂಡಿಯೂರಿ ಕೂತು ಒಂದೊಂದೇ ದನದ ಕೊಂಬು ಮುಟ್ಟಿ ನೋಡಿದರು. ನಂತರ ಆ ಒಬ್ಬನನ್ನು.

"ಇವನ ಹೆಸರೇನು?"

ನಾನು ಅಜ್ಜಿಗೆ ಹೇಳಿದೆ. ಅಜ್ಜಿ ನಕ್ಕಳು.

"ಕಲ್ಗ ಎಸ್ರಿಲ್ಲ ಕನಪ್ಪ. ನಮ್ ಅತ್ತ ಕಾಲ್ದಲ್ಲೂ ಗೊತ್ತಿರ್ನಿಲ್ಲ. ಅದ್ಕೇಯ, ಯಾರ ಎಸ್ರ ಏಳುದ್ರೂವೆ ಇಟ್ಕತ್ತದ. ಕಾಡಲ್ಲಿ ಸತ್ತೋದೋರು, ಒಳೇಲಿ ಕೊಚ್ಕಂಡೋದೋರು, ಮಣ್ಣ ಮಾಡಕ್ಕ ಸಿಗ್ದೋರು, ಅವುರ್ನೆಲ್ಲ ಇಲ್ಲೇ ಏಳಿ ಓಯ್ತರ. ನನ್ ದೊಡ್ಡಮಗುಂದೂ ಇಲ್ಲೇ ಏಳಿದ್ದು."

ಇದು ನನಗೇ ಗೊತ್ತಿರಲಿಲ್ಲ. ಚಿಕ್ಕಂದಿನಿಂದ ನೋಡಿದ ಕಲ್ಲು, ಕಾರ್ಡಿನಲ್ಲಿ ಬರೆದ ಕಲ್ಲು, ಕೇಳಿರಲಿಲ್ಲ ಅಷ್ಟೇ. ಅಜ್ಜಿಯ ಮಾತನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ಮೇಜರ್ ಪೂರ್ತಿ ಕೇಳಿಸಿಕೊಂಡು, ಬೂಟು ಬಿಚ್ಚಿ ದೂರ ಇಟ್ಟು ಬಂದರು. ನನ್ನ ಕಡೆ ನೋಡಿದರು. ನಾನು ನೋಟುಬುಕ್ಕು ತೆರೆದು ಪೆನ್ನಿನ ಮುಚ್ಚಳ ತೆಗೆದೆ.

ಆಗ ಹಿಂದಿನ ಪೊದೆಯಲ್ಲಿ ಏನೋ ಮುರಿದ ಸದ್ದು.

ನಿಮಗೆ ಗೊತ್ತಿರಲಿ, ಆನೆ ಬಂದರೆ ಸದ್ದೇ ಆಗುವುದಿಲ್ಲ ಎನ್ನುತ್ತಾರೆ ತಿಳಿದವರು. ನನಗೂ ಅದು ತಿಳಿದಿತ್ತು. ಆದರೂ ನನ್ನ ಕಿವಿ, ಕಣ್ಣು, ಬೆನ್ನುಹುರಿ ಎಲ್ಲವೂ ಆ ಪೊದೆಗೆ ಹೋದವು. ಓಡುವುದಾದರೆ ಯಾವ ಕಡೆ? ಅಜ್ಜಿಯನ್ನು ಎತ್ತಿಕೊಳ್ಳುವವರು ಯಾರು? ಜೀಪಿನ ಕೀಲಿ ಭೋಜಣ್ಣನ ಬಳಿ ಇದೆಯೇ? ಮತ್ತೊಂದು ಸಲ ಕೊಂಬೆ ಅಲುಗಿತು. ಎಲೆಗಳು ಸರಿದವು. ಒಂದು ಕೆಂದು ಹಸು ಹೊರಗೆ ಬಂದು, ನನ್ನನ್ನು ನೋಡಿ, ಏನೂ ವಿಶೇಷವಿಲ್ಲವೆಂಬಂತೆ ಮುಖ ತಿರುಗಿಸಿತು.

ನಾನು ತಿರುಗಿದೆ. ಮೇಜರ್ ನೆಲದ ಮೇಲಿನ ಅಂಗೈಯನ್ನು ಎತ್ತುತ್ತಿದ್ದರು. ಅವರ ಕೆನ್ನೆ ಒದ್ದೆಯಾಗಿತ್ತು. ಅವರು ಹೇಳಿದ ಹೆಸರನ್ನು ಅಜ್ಜಿ ತನ್ನ ಬಾಯಲ್ಲಿ ಒಂದು ಸಲ ಹೇಳಿ ಮುಗಿಸಿದ್ದಳು. ಆ ಹೆಸರಿನ ಕೊನೆಯ ಉಸಿರಷ್ಟೇ ನನಗೆ ಕೇಳಿಸಿತು.

ಜೀಪಿನಲ್ಲಿ ಕೇಳಿದರಾಯಿತು ಎಂದುಕೊಂಡೆ. ಜೀಪಿನಲ್ಲಿ ಅವರು ಕಣ್ಣು ಮುಚ್ಚಿಕೊಂಡಿದ್ದರು. ಹಗುರಾದ ಮನುಷ್ಯನ ಮುಖ, ಎಬ್ಬಿಸುವ ಮನಸ್ಸಾಗಲಿಲ್ಲ. ಭೋಜಣ್ಣನನ್ನು ಮೆಲ್ಲಗೆ ಕೇಳಿದೆ. "ನಾನು ದೂರ ನಿಂತಿದ್ದೆ ಸಾರ್. ಅಳುವವರ ಹತ್ತಿರ ಡ್ರೈವರು ನಿಲ್ಲಬಾರದು," ಎಂದ. ಘಾಟಿ ಹತ್ತುವಾಗ ಒಂದು ತಿರುವನ್ನೂ ನಾನು ಎಣಿಸಲಿಲ್ಲ.

ಮರುದಿನದ್ದನ್ನು ಹೇಳುವ ಮೊದಲು ಆಮೇಲಿನದೆಲ್ಲ ಹೇಳಿಬಿಡುತ್ತೇನೆ. ಮೇಜರ್ ಬಶೀರ್ ಮುಂದಿನ ವಾರ ಓದು ಮುಗಿಸಿ ತಮ್ಮ ದೇಶಕ್ಕೆ ಹೋದರು. ಎರಡು ತಿಂಗಳ ಮೇಲೆ ನಾನು ಬಸ್ಸು ಹಿಡಿದು ಕೆಂಪಜ್ಜಿಯ ಹತ್ತಿರ ಹೋದೆ. "ನಂಗೆಲ್ಲಿ ನೆಪ್ಪಿರ್ತದ್ಲ? ಅಂವ ಏಳಿದ್ದು ಕಲ್ಗ. ಕಲ್ಲ ಕೇಳು," ಎಂದಳು. ತಮಾಷೆಗೆ ಹೇಳಿರಲಿಲ್ಲ. ಮೇಜರ್ ಕೊಟ್ಟಿದ್ದ ವಿಳಾಸಕ್ಕೆ ಪತ್ರ ಬರೆದೆ, ಹರಿದೆ, ಬರೆದೆ. ಒಂದು ವರ್ಷದ ಮೇಲೆ ಒಂದನ್ನು ಅಂಚೆಗೆ ಹಾಕಿದೆ. ಉತ್ತರ ಬರಲಿಲ್ಲ. ಇಲ್ಲಿಂದ ಹೋದ ಪತ್ರ ತಲುಪಲಿಲ್ಲವೋ, ತಲುಪಿದಾಗ ಅವರು ಇರಲಿಲ್ಲವೋ, ಇದ್ದೂ ಬರೆಯಲಿಲ್ಲವೋ, ಮೂರನ್ನೂ ಯೋಚಿಸಿದ್ದೇನೆ.

ಹೊಸ ಶತಮಾನದಲ್ಲಿ ಕಂಪ್ಯೂಟರು ಬಂತು. ಸಾಮುವೇಲ್ ಸಾರ್ ನಿವೃತ್ತರಾಗಿದ್ದರು. ಕಾರ್ಡುಗಳನ್ನೆಲ್ಲ ಅದರೊಳಗೆ ಸೇರಿಸುವ ಕೆಲಸ ನನಗೆ ಬಿತ್ತು. ಪದ, ಮೂಲ, ಅರ್ಥ. 'ನಮ್ಮಲ್ಲಿ' ಎಂಬುದಕ್ಕೆ ಆ ಯಂತ್ರದಲ್ಲಿ ಜಾಗವಿರಲಿಲ್ಲ. ಕೇಳಿದ್ದರೆ ಜಾಗ ಮಾಡಿಕೊಡುತ್ತಿದ್ದರಂತೆ, ಆಮೇಲೆ ಗೊತ್ತಾಯಿತು. ಡ್ರಾಯರುಗಳನ್ನು ಹರಾಜಿಗೆ ಹಾಕಿದಾಗ ಅರ್ಜಿ ಬರೆದು ಕಾರ್ಡುಗಳನ್ನು ಮನೆಗೆ ತಂದೆ. ಐವತ್ತೈದಕ್ಕೆ ಸ್ವಯಂ ನಿವೃತ್ತಿ ತೆಗೆದುಕೊಂಡೆ. ಮಳೆಗಾಲದಲ್ಲಿ ಅವುಗಳ ಪೆಟ್ಟಿಗೆಯೊಳಗೂ ಒಂದು ಬಲ್ಬು ಉರಿಸುತ್ತೇನೆ. ರಾಝಿಯಾ ಕಾರ್ಡಿನಲ್ಲಿ 'ನಮ್ಮಲ್ಲಿ' ಸಾಲಿನ ಕೆಳಗೆ ಸ್ಕೇಲಿಟ್ಟು ಇನ್ನೊಂದು ಗೆರೆ ಎಳೆದಿದ್ದೇನೆ. ಗೆರೆ ನೆಟ್ಟಗಿದೆ, ಖಾಲಿಯಾಗಿದೆ.

ಈ ಕೆಲಸಕ್ಕೆ ಬರುವ ಮಕ್ಕಳೇ, ಬೂಷ್ಟನ್ನು ಒರೆಸಬಹುದು, ಕಳೆದ ಪುಸ್ತಕಕ್ಕೆ ದಂಡ ಕಟ್ಟಬಹುದು, ಕರ್ನಲ್ ಸಾಹೇಬರ ಕೋಪವೂ ಊಟದ ಹೊತ್ತಿಗೆ ಇಳಿಯುತ್ತದೆ. ಇನ್ನು ಮರುದಿನದ್ದು.

ಸೋಮವಾರ ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಮೇಜರ್ ಬಶೀರ್ ಬಂದು ನಿಂತಿದ್ದರು. ಒಳಗೆ ಬೇರೆ ಯಾರೂ ಇರಲಿಲ್ಲ. ಡ್ರಾಯರು ತೆರೆದಿತ್ತು. ಕಾರ್ಡು ನನ್ನ ಎಡಗೈಯಲ್ಲಿತ್ತು, ಪೆನ್ನು ಬಲಗೈಯಲ್ಲಿ. ಅವರಿಗೆ ಅವಸರವೇನೂ ಇರಲಿಲ್ಲ. ಮೊದಲ ಪಾಠಕ್ಕೆ ಇನ್ನೂ ಅರ್ಧ ಗಂಟೆಯಿತ್ತು. "ಸಾರ್, ನಿನ್ನೆ ನನಗೆ ಸರಿಯಾಗಿ ಕೇಳಿಸಲಿಲ್ಲ, ಇನ್ನೊಮ್ಮೆ ಹೇಳಿ" ಎಂದಿದ್ದರೆ ಅವರು ನನ್ನನ್ನು ಹೊರಗಿನ ಅಂಗಳಕ್ಕೆ ಕರೆದು, ಹುಲ್ಲಿನ ಮೇಲೆ ಅಂಗೈ ಇಟ್ಟು ಹೇಳುತ್ತಿದ್ದರು. ಅದರಲ್ಲಿ ನನಗೆ ಈಗ ಕಿಂಚಿತ್ತೂ ಸಂಶಯವಿಲ್ಲ.

"ಬರೆದುಕೊಂಡಿರಾ?" ಎಂದು ಕೇಳಿದರು.

ಅಲ್ಲಿಯವರೆಗೆ ಕರೆದುಕೊಂಡು ಹೋಗಿ, ಅವರು ಅಳುತ್ತಾ ಹೇಳುವಾಗ ನಾನು ಹಸುವನ್ನು ನೋಡುತ್ತಿದ್ದೆ ಎಂದು ಹೇಗೆ ಹೇಳುವುದು?

"ಬರೆದುಕೊಂಡೆ ಸಾರ್," ಎಂದೆ.

ಅವರು ಕಾರ್ಡು ತೋರಿಸಿ ಎನ್ನಲಿಲ್ಲ. ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿ, ಪಾಠಕ್ಕೆ ಹೋದರು.